ಕಾಣೆಯಾದ ಕಣ್ಣೀರು

ಚಿತ್ರತಂಡದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ನಿರ್ದೇಶಕರ ಹೆಂಡತಿಯ ತಮ್ಮನಾದ್ದರಿಂದ ಲೈಟು ಹೊರುವವರಿಂದ ಹಿಡಿದು ನಿರ್ಮಾಪಕರವರೆಗೆ ಎಲ್ಲರಿಗೂ ಅವನು ಭಾಮೈದ. “ಇಷ್ಟು ಜನ ನಿನ್ನನ್ನ ಭಾಮೈದ ಅಂದರೆ ನನ್ನ ಗತಿ ಏನೋ?” ಎಂದು ಅಕ್ಕ ನಗುತ್ತಿದ್ದಳು.

ಭಾಮೈದ ಹಿಂದೆ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ, ಮುಚ್ಚಿದ. ಮದುವೆ ವಿಡಿಯೋ ತೆಗೆಯಲು ಹೋದ, ಮದುಮಗನ ಬದಲು ಮದುಮಗನ ಅಣ್ಣನನ್ನೇ ಉದ್ದಕ್ಕೂ ತೆಗೆದು ಬಂದ. ಆಮೇಲೆ ಮನೆಯಲ್ಲೇ ಇದ್ದ. ಅಕ್ಕನಿಗೆ ನೋಡಲಾಗಲಿಲ್ಲ. “ಹೊರಗಿನವರಿಗೆ ಕೊಡೋ ಕೆಲಸ ಮನೆಯವನಿಗೆ ಕೊಟ್ಟರೆ ನಿಮ್ಮ ಗಂಟೇನು ಹೋಗುತ್ತೆ?” ಎಂದು ಗಂಡನ ಬೆನ್ನು ಹತ್ತಿದಳು. ಭಾವ ಒಪ್ಪಿದರು. ಕೆಲಸವೇನೂ ದೊಡ್ಡದಲ್ಲ. ಕ್ಯಾಮೆರಾದಿಂದ ಬರುವ ಕಾರ್ಡನ್ನು ಕಂಪ್ಯೂಟರಿಗೆ ಹಾಕಬೇಕು, ಅದರಲ್ಲಿರುವುದನ್ನೆಲ್ಲ ಹಾರ್ಡ್ ಡಿಸ್ಕಿಗೆ ಇಳಿಸಬೇಕು, ಇಳಿಯುವ ತನಕ ಕಾಯಬೇಕು.

“ಹಾಲು ಕಾಯಿಸೋದಕ್ಕಿಂತ ಸುಲಭ ಕಣೋ,” ಎಂದರು ಭಾವ. ಹಾಲು ಉಕ್ಕುವುದು ನಾವು ಆ ಕಡೆ ತಿರುಗಿದಾಗಲೇ ಎಂಬುದು ಭಾವನಿಗೆ ಗೊತ್ತಿರಲಿಲ್ಲ. ಅವರು ಯಾವತ್ತೂ ಹಾಲು ಕಾಯಿಸಿದವರಲ್ಲ.

ಚಿತ್ರದ ಜೀವವೆಲ್ಲ ಒಂದೇ ದೃಶ್ಯದಲ್ಲಿತ್ತು. ರೈಲು ಓಡಿಸಿ ನಿವೃತ್ತನಾದ ತಂದೆಯೊಬ್ಬನಿಗೆ ಮನೆಯ ಹಳೆಯ ಫೋನಿನಲ್ಲಿ ಮಗಳು ತೀರಿಹೋದ ಸುದ್ದಿ ಬರುತ್ತದೆ. ಅವನು ಕೇಳಿಸಿಕೊಳ್ಳುತ್ತಾನೆ, ಫೋನು ಇಡುತ್ತಾನೆ, ಲೋಟದಲ್ಲಿದ್ದ ನೀರು ಕುಡಿಯುತ್ತಾನೆ. ಅಷ್ಟೇ. ಭಾವ ಇದನ್ನು ಅರ್ಧ ಪುಟದಲ್ಲಿ ಬರೆದಿದ್ದರು, ಅದರ ಬಗ್ಗೆ ಅರ್ಧ ದಿನ ಮಾತಾಡಬಲ್ಲವರಾಗಿದ್ದರು.

ತಂದೆಯ ಪಾತ್ರ ಮಹಾನಟರದು. ಪ್ರಶಸ್ತಿಗಳನ್ನು ಇಡಲು ಅವರ ಮನೆಯಲ್ಲಿ ಒಂದು ಕೋಣೆಯೇ ಇದೆಯೆಂದೂ, ಅದರ ಧೂಳು ಒರೆಸಲು ಒಬ್ಬ ಆಳು ಇದ್ದಾನೆಂದೂ ಜನ ಹೇಳುತ್ತಿದ್ದರು. ಅಳುವ ದೃಶ್ಯವನ್ನು ಅವರು ಎರಡನೆಯ ಸಲ ಮಾಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. “ಕಣ್ಣೀರೇನು ನಲ್ಲಿ ನೀರಾ, ತಿರುಗಿಸಿದಾಗಲೆಲ್ಲ ಬರೋದಕ್ಕೆ?” ಎನ್ನುತ್ತಿದ್ದರು.

ಆ ದೃಶ್ಯದ ದಿನ, ಬಾಡಿಗೆಗೆ ಹಿಡಿದ ಮನೆಯೊಂದರ ಹಾಲ್‌ನಲ್ಲಿ ಶೂಟಿಂಗ್ ನಡೆದರೆ ಭಾಮೈದ ಪಕ್ಕದ ಮಲಗುವ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ. ಬಾಗಿಲು ಹಾಕಿತ್ತು. ಗೋಡೆಯ ಆಚೆಯಿಂದ ‘ಆ್ಯಕ್ಷನ್’ ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಿಕ್ಕುವ ಸದ್ದು, ಅದರ ಮೇಲೆ ಒಂದು ದೊಡ್ಡ ನರಳಾಟ, ಆಮೇಲೆ ಚಪ್ಪಾಳೆ. ಚಪ್ಪಾಳೆ ನಿಲ್ಲಲೇ ಇಲ್ಲ. ಭಾಮೈದ ಬಾಗಿಲು ತೆರೆದು ಇಣುಕಿದಾಗ ಭಾವ ಕಣ್ಣೊರೆಸಿಕೊಳ್ಳುತ್ತಿದ್ದರು. ನಿರ್ಮಾಪಕರು ಮಹಾನಟರ ಕೈ ಹಿಡಿದವರು ಬಿಟ್ಟಿರಲಿಲ್ಲ. ಕ್ಯಾಮೆರಾಮನ್ “ನನ್ನ ಬೆಳಕಿಗೆ ಇವತ್ತು ಸಾರ್ಥಕವಾಯ್ತು” ಎಂದು ತನ್ನ ಬೆಳಕನ್ನೇ ಹೊಗಳಿಕೊಳ್ಳುತ್ತಿದ್ದ. ಬಟ್ಟೆಬರೆ ನೋಡಿಕೊಳ್ಳುತ್ತಿದ್ದ ಅಕ್ಕನ ಮೂಗು ಕೆಂಪಾಗಿತ್ತು.

ಕಾರ್ಡು ಬಂತು. ಭಾಮೈದ ಅದನ್ನು ಕಂಪ್ಯೂಟರಿಗೆ ಹಾಕಿದ. ಪರದೆಯ ಮೇಲೆ ನೀಲಿ ಗೆರೆ ಬಸವನಹುಳುವಿನಂತೆ ತೆವಳತೊಡಗಿತು. ಆಗ ಮಹಾನಟರ ಮೇಕಪ್ಪಿನವನು ಬೆವರಿಗೆ ಒದ್ದೆಯಾದ ವಿಗ್ಗನ್ನೂ ಹೇರ್ ಡ್ರೈಯರನ್ನೂ ಕೈಯಲ್ಲಿ ಹಿಡಿದು ಒಳಗೆ ಬಂದ.

“ಒಂದು ನಿಮಿಷ ಅಷ್ಟೇ, ಇದನ್ನ ಒಣಗಿಸ್ಕೊಂಡು ಹೋಗ್ತೀನಿ.”

“ಕಂಪ್ಯೂಟರಿನ ಬೋರ್ಡಿಗೆ ಹಾಕಬೇಡಿ,” ಎಂದು ಭಾಮೈದ ಹೇಳಬೇಕಿತ್ತು. ಆದರೆ ಅದು ಮಹಾನಟರ ವಿಗ್ಗು. ಮಹಾನಟರ ವಿಗ್ಗಿಗೆ ಬೇಡವೆನ್ನಲು ಅವನಿಗೆ ನಾಲಿಗೆ ಬರಲಿಲ್ಲ. ಡ್ರೈಯರ್ ಗುರ್ ಎಂದಿತು, ಎಲ್ಲೋ ಟಪ್ಪೆಂದಿತು, ಮನೆಯೆಲ್ಲ ಕತ್ತಲಾಯಿತು.

ಕರೆಂಟು ಬಂದಾಗ ಕಂಪ್ಯೂಟರ್ ಒಂದು ಪ್ರಶ್ನೆ ಕೇಳಿತು: ಈ ಕಾರ್ಡನ್ನು ಓದಲಾಗುತ್ತಿಲ್ಲ, ಸರಿಪಡಿಸಲೇ? ಭಾಮೈದ ‘ಹೌದು’ ಒತ್ತಿದ. ಅದು ತುಂಬ ಹೊತ್ತು ಒಳಗೊಳಗೇ ಏನೋ ಗೊಣಗಿ, ಕೊನೆಗೆ ‘ಸರಿಪಡಿಸಲಾಗಿದೆ’ ಎಂದಿತು. ತೆರೆದು ನೋಡಿದರೆ ಹಸಿರು, ಗುಲಾಬಿ ಬಣ್ಣದ ಚೌಕಗಳು. ಅವುಗಳ ನಡುವೆ ಒಂದು ಕಿವಿ. ಇನ್ನೊಂದು ಮೂಲೆಯಲ್ಲಿ ಕಾಲು ಭಾಗ ಮೀಸೆ. ಮುಂದೆ ಅದೂ ಇಲ್ಲ.

ಭಾಮೈದ ಕಾರ್ಡನ್ನು ತೆಗೆದು ಜೇಬಿಗೆ ಹಾಕಿಕೊಂಡ. ಹೋಗಿ ಭಾವನ ಕಿವಿಯಲ್ಲಿ ಹೇಳಿದ. ಭಾವ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೇಳಿದ ಮೊದಲ ಮಾತು, “ನಿಮ್ಮಕ್ಕನಿಗೆ ಹೇಳಿದ್ಯಾ?”

ಯಾರಿಗೂ ಕೇಳಿಸಬಾರದೆಂದು ಸಭೆ ಬಚ್ಚಲುಮನೆಯಲ್ಲಿ ಸೇರಿತು. ನಿರ್ಮಾಪಕರು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು.

“ವಿಗ್ ಒಣಗಿಸಿದವನನ್ನ ಈಗಲೇ ತೆಗೀರಿ,” ಎಂದರು.

“ಅವನು ಮಹಾನಟರ ಕಡೆಯವನು ಸಾರ್,” ಎಂದರು ಭಾವ.

“ಹಾಗಾದ್ರೆ ಇವನನ್ನ ತೆಗೀರಿ.”

“ಇವನು ನನ್ನ ಹೆಂಡತಿ ಕಡೆಯವನು.”

“ಹಾಗಾದ್ರೆ ಯಾರನ್ನ ತೆಗೀಬೇಕು?”

ಯಾರ ಕಡೆಯವನೂ ಅಲ್ಲದವನು ಎಲೆಕ್ಟ್ರಿಷಿಯನ್ ಒಬ್ಬನೇ. ಫ್ಯೂಸು ಹಾರುವಂತೆ ವೈರಿಂಗ್ ಮಾಡಿದ್ದಾನೆಂದು ಅವನನ್ನು ಅಂದೇ ಮನೆಗೆ ಕಳಿಸಿದರು. ಹಾರಬೇಕೆಂದೇ ಅಲ್ಲವೇ ಫ್ಯೂಸು ಇರುವುದು ಎಂದು ಅವನು ಕೇಳಿದ. ಹಾಗೆ ಕೇಳಿದ್ದಕ್ಕೆ ಇನ್ನಷ್ಟು ಬೇಗ ಕಳಿಸಿದರು. ಅವನು ಚೀಲ ಹೆಗಲಿಗೇರಿಸಿ ಗೇಟು ದಾಟುವುದನ್ನು ಭಾಮೈದ ಕಿಟಕಿಯಿಂದ ನೋಡಿದ. ಕೂಗಿ ಕರೆಯಬೇಕೆನಿಸಿತು. ಕರೆಯಲಿಲ್ಲ.

ಬೆಕ್ಕಿಗೆ ಗಂಟೆ ಕಟ್ಟುವ ಸರದಿ ಭಾವನದಾಯಿತು. ಫೋನಿನಲ್ಲಿ ಸುತ್ತಿ ಬಳಸಿ ಹೇಳಿದರು. ಆ ಕಡೆಯಿಂದ ಮಹಾನಟರು, “ಹೋಯ್ತಾ? ಹೋಗಲಿ. ಮತ್ತೆ ಮಾಡಿ ಅಂತ ಮಾತ್ರ ಕೇಳಬೇಡಿ. ಆ ಕಣ್ಣೀರು ಅವತ್ತಿಗೇ ಮುಗೀತು” ಎಂದರು.

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುತ್ತಾರೆ. ಈ ಎಮ್ಮೆ ದಿನಕ್ಕೊಂದು ಸೇರು ಹೆಚ್ಚು ಕರೆಯತೊಡಗಿತು. ಮೊದಮೊದಲು ಮಹಾನಟರ ಬಲಗಣ್ಣಿನಿಂದ ಒಂದೇ ಹನಿ ಜಾರಿತ್ತು. ಒಂದು ವಾರ ಕಳೆಯುವುದರೊಳಗೆ ಅದು ಎರಡೂ ಕಣ್ಣಿನಿಂದ ಧಾರೆಯಾಯಿತು. ಕ್ಯಾಮೆರಾಮನ್, ಆ ಹೊತ್ತಿನಲ್ಲಿ ಕ್ಯಾಮೆರಾ ತಾನಾಗಿಯೇ ಮುಂದಕ್ಕೆ ಸರಿಯಿತು ಎಂದ. ಕಿಟಕಿಯಲ್ಲಿ ಕೂತಿದ್ದ ಪಾರಿವಾಳವೊಂದು ತಲೆ ತಗ್ಗಿಸಿದ್ದನ್ನು ನಿರ್ಮಾಪಕರು ಕಣ್ಣಾರೆ ಕಂಡಿದ್ದರು. ಕಿಟಕಿಗೆ ಕಪ್ಪು ಬಟ್ಟೆ ಹೊಡೆದಿತ್ತು ಎಂಬುದನ್ನು ಯಾರೂ ನೆನಪಿಸಲಿಲ್ಲ. ಪತ್ರಿಕೆಗಳು ಬರೆದವು. ಸಿನಿಮಾ ಕಲಿಸುವ ಕಾಲೇಜೊಂದು ಭಾವನನ್ನು ಕರೆಸಿ, ಯಾರೂ ನೋಡದ ಆ ಶಾಟಿನ ಬಗ್ಗೆ ಉಪನ್ಯಾಸ ಕೊಡಿಸಿತು. ಭಾವ ಶಾಟನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದರು. ವಿದ್ಯಾರ್ಥಿಗಳು ಟಿಪ್ಪಣಿ ಮಾಡಿಕೊಂಡರು.

ಮಹಾನಟರು ಟಿವಿಯಲ್ಲಿ ಬಂದರು. “ಐವತ್ತು ವರ್ಷದಲ್ಲಿ ನಾನು ಒಂದೇ ಒಂದು ಸಲ ನಟಿಸಿದೆ. ಅದೂ ಹೋಯ್ತು,” ಎಂದು ನಿಟ್ಟುಸಿರಿಟ್ಟರು. “ಸಾಯೋದರೊಳಗೆ ಅದನ್ನ ಒಂದು ಸಲ ನೋಡೋ ಭಾಗ್ಯ ಇದೆಯೋ ಇಲ್ಲವೋ.”

ಭಾಮೈದ ಇದನ್ನು ಅಕ್ಕನ ಮನೆಯ ಸೋಫಾದ ತುದಿಯಲ್ಲಿ ಕೂತು ನೋಡಿದ. ಅಕ್ಕ ರಿಮೋಟನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಹೋದಳು. ಅವಳು ಅವನ ಜೊತೆ ಮಾತು ಬಿಟ್ಟು ಆಗಲೇ ಬಹಳ ದಿನವಾಗಿತ್ತು. ತಟ್ಟೆ ಮುಂದಿಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಬೀದಿಯಲ್ಲಿ ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ, “ಆ ಶಾಟ್ ಕಳೆದವರು ನೀವೇ ಅಂತೆ?” ಎಂದು ಕೇಳಿದ್ದ, ಅರ್ಧ ಕೂದಲು ಕತ್ತರಿಸಿಕೊಂಡವನು ಎದ್ದು ಹೋಗುವುದಾದರೂ ಹೇಗೆ? ದೇಶದ ಏಕೈಕ ಕಣ್ಣೀರನ್ನು ತಾನೇ ಬಚ್ಚಲಿಗೆ ಚೆಲ್ಲಿದೆನೆಂಬ ಭಾವನೆ ಅವನ ಎದೆಯ ಮೇಲೆ ಒರಳುಕಲ್ಲಿನಂತೆ ಕೂತಿತ್ತು.

ಮಾರನೆಯ ದಿನ ಅವನು ಆ ಕಾರ್ಡನ್ನು ಹಳೆಯ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ಊರು ಸುತ್ತಲು ಹೊರಟ. ಹೋದ ಅಂಗಡಿಯಲ್ಲೆಲ್ಲ ಆಗದು ಎಂದರು. ಕೊನೆಗೆ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ, ಬೀಗದ ಕೈ ಮಾಡುವವನ ಪಕ್ಕ, ಸತ್ತ ಡಿಸ್ಕುಗಳಿಗೆ ಜೀವ ಕೊಡುವುದಾಗಿ ಬೋರ್ಡು ಹಾಕಿದ್ದ ಅಂಗಡಿ ಸಿಕ್ಕಿತು. ಒಳಗೆ ದಪ್ಪ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು.

“ಏನಿದೆ ಇದರಲ್ಲಿ?”

“ಕಣ್ಣೀರು ಮೇಡಂ.”

“ಇಲ್ಲಿಗೆ ಬರೋರೆಲ್ಲ ಅದನ್ನೇ ತರ್ತಾರೆ. ಸರಿಪಡಿಸಲೇ ಅಂತ ಕೇಳಿದಾಗ ಹೌದು ಒತ್ತಿದ್ರಾ?”

“ಒತ್ತಿದೆ. ಸರಿ ಮಾಡ್ತೀನಿ ಅಂತ ತಾನಾಗೇ ಬಂದವರನ್ನ ಬೇಡ ಅನ್ನೋದು ಹೇಗೆ ಮೇಡಂ?”

ಅವಳು ಅವನನ್ನು ಕನ್ನಡಕದ ಮೇಲಿನಿಂದ ನೋಡಿ, ಕಾರ್ಡನ್ನು ಇಸಿದುಕೊಂಡು, ಫೋನ್ ಮಾಡುತ್ತೇನೆ ಎಂದಳು. ಮಾಡುವುದಿಲ್ಲ ಎಂದುಕೊಂಡೇ ಭಾಮೈದ ಹಿಂತಿರುಗಿದ. ಹತ್ತು ಹನ್ನೆರಡು ದಿನದ ಮೇಲೆ ಅವಳು ಮಾಡಿದಳು. ಅವನು ಓಡಿದ.

“ಬಂದಿದೆ, ಪೂರ್ತಿ ಬಂದಿದೆ,” ಎಂದು ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. “ಒಂದು ಮಾತು ಕೇಳ್ತೀನಿ, ಬೇಜಾರಿಲ್ಲ ತಾನೆ? ಈ ಯಜಮಾನರಿಗೆ ಹಲ್ಲುನೋವಾ?”

ಭಾಮೈದ ನೋಡಿದ. ಮಹಾನಟರು ಫೋನೆತ್ತಿದರು. ಎತ್ತಿದ್ದೇ ತಡ, ಆ ಕಡೆಯವರು ಏನಾದರೂ ಹೇಳುವ ಮೊದಲೇ ಅವರ ತುಟಿ ಅದುರಿತು. ದವಡೆ ಒಂದು ಪಕ್ಕಕ್ಕೆ ಸರಿಯಿತು. ಕೈ ಎದೆಗೆ ಹೋಯಿತು, ಅಲ್ಲಿಂದ ಹಣೆಗೆ ಹೋಯಿತು, ಮತ್ತೆ ಎದೆಗೇ ಬಂತು. ನಡುವೆ ಒಮ್ಮೆ, ಬೆಳಕು ತನ್ನ ಮುಖದ ಮೇಲೇ ಇದೆಯೇ ಎಂಬಂತೆ, ಕಣ್ಣು ಮೇಲಕ್ಕೆ ಹೋಗಿ ಬಂತು. ಆಮೇಲೆ ಮಹಾನಟರು ನರಳಿದರು. ಗೋಡೆಯಾಚೆ ಕೇಳಿದಾಗ ಮೈ ಜುಂ ಎನಿಸಿದ್ದ ಅದೇ ನರಳಾಟ ಈಗ ಮಂಚದಡಿ ಸಿಕ್ಕಿಕೊಂಡ ಬೆಕ್ಕಿನ ಕೂಗಿನಂತಿತ್ತು. ಕೊನೆಗೆ ನೀರು ಕುಡಿಯುವುದನ್ನೇ ಮರೆತು ಮೇಜಿನ ಮೇಲೆ ಒರಗಿದರು. ಲೋಟ ಹಾಗೇ ಇತ್ತು. ಆಮೇಲೆ ಚಪ್ಪಾಳೆ.

ತನಗೆ ನಟನೆ ಅರ್ಥವಾಗುವುದಿಲ್ಲ ಎಂದು ಭಾಮೈದ ತನಗೇ ಹೇಳಿಕೊಂಡ. ಅಷ್ಟು ದೊಡ್ಡವರೆಲ್ಲ ಅತ್ತಿದ್ದಾರೆಂದರೆ ಸುಮ್ಮನೆಯೇ? ಭಾವನಿಗೆ ಫೋನ್ ಮಾಡಿದ. ಭಾವ ಇನ್ನೊಂದು ಉಪನ್ಯಾಸದಲ್ಲಿದ್ದರು. ಆಗ ಮಹಾನಟರು ಟಿವಿಯಲ್ಲಿ ಆಡಿದ ಮಾತು ನೆನಪಾಯಿತು. ಸಾಯೋದರೊಳಗೆ ನೋಡಬೇಕು ಎಂದವರಿಗೆ ಮೊದಲು ತೋರಿಸುವುದು ಧರ್ಮ ಎಂದುಕೊಂಡು ಸೀದಾ ಅವರ ಮನೆಗೇ ಹೋದ.

ವಿಗ್ಗಿಲ್ಲದ ಮಹಾನಟರು ಬಾಗಿಲು ತೆರೆದಾಗ ಅವನಿಗೆ ಗುರುತೇ ಸಿಗಲಿಲ್ಲ. ಬನಿಯನ್ ಹಾಕಿಕೊಂಡಿದ್ದ, ಬೋಳುತಲೆಯ ಸಣಕಲು ಮುದುಕರು. ವಿಷಯ ಕೇಳಿ ಅವರು ಬಾಗಿಲನ್ನು ಪೂರ್ತಿ ತೆರೆದರು. “ಸಿಕ್ತಾ? ನಿಜವಾಗ್ಲೂ ಸಿಕ್ತಾ?” ಎಂದು ಅವನ ತೋಳು ಹಿಡಿದು ಒಳಗೆ ಕರೆದೊಯ್ದರು. ಭಾಮೈದ ಊಟದ ಮೇಜಿನ ಮೇಲೆ ತಾನು ಜೊತೆಗೆ ತಂದಿದ್ದ ಲ್ಯಾಪ್‌ಟಾಪ್ ಬಿಚ್ಚಿದ. ಅವರ ಹೆಂಡತಿ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಬೀನ್ಸ್ ನಾರು ತೆಗೆಯುತ್ತ ಕೂತಿದ್ದರು.

ಶಾಟು ಮುಗಿಯಿತು. ಮಹಾನಟರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

“ಇನ್ನೊಂದು ಸಲ ಹಾಕು,” ಎಂದರು.

ಹಾಕಿದ. ಈ ಸಲ ಹೆಂಡತಿಯೂ ಕತ್ತು ಚಾಚಿ ನೋಡಿದರು.

“ಯಾಕ್ರೀ ಫೋನು ಉಲ್ಟಾ ಹಿಡ್ಕೊಂಡಿದೀರಾ?”

ಹೌದು, ಉಲ್ಟಾ ಇತ್ತು. ಮಾತಾಡುವ ತುದಿ ಕಿವಿಗೆ, ಕೇಳುವ ತುದಿ ಬಾಯಿಗೆ. ಮಗಳ ಸಾವಿನ ಸುದ್ದಿಯನ್ನು ಮಹಾನಟರು ಕೇಳಿಸಿಕೊಳ್ಳಲು ಸಾಧ್ಯವೇ ಇರಲಿಲ್ಲ. ನಿರ್ದೇಶಕರು, ನಿರ್ಮಾಪಕರು, ಕ್ಯಾಮೆರಾಮನ್, ಅಕ್ಕ, ಪಾರಿವಾಳ, ಯಾರೂ ಅದನ್ನು ನೋಡಿರಲಿಲ್ಲ.

ಹೆಂಡತಿ ಬೀನ್ಸ್ ಎತ್ತಿಕೊಂಡು ಒಳಗೆ ಹೋದರು. ಮಹಾನಟರು ಬೋಳುತಲೆಯ ಮೇಲೆ ಕೈಯಾಡಿಸಿಕೊಂಡರು.

“ನೀನೇ ಹೇಳು. ಹೇಗಿದೆ?”

“ನನಗೆ ಇದೆಲ್ಲ ಗೊತ್ತಾಗಲ್ಲ ಸಾರ್. ಮೊದಲು ಪೂರ್ತಿ ಕೆಟ್ಟಿತ್ತು. ಈಗ...”

“ಈಗಲೂ ಕೆಟ್ಟೇ ಇದೆ,” ಎಂದರು ಮಹಾನಟರು. “ಕಾರ್ಡ್ ಸರಿಹೋಯ್ತು, ಅಷ್ಟೇ.” ಆಮೇಲೆ ಕೇಳಿದರು: “ಯಾರ್ಯಾರು ನೋಡಿದಾರೆ ಇದನ್ನ?”

“ಅಂಗಡಿಯವರು. ನಾನು. ಈಗ ಅಮ್ಮ. ಮತ್ತೆ ಅವತ್ತು ಸೆಟ್ಟಲ್ಲಿದ್ದೋರೆಲ್ಲ.”

“ಅವರು ನೋಡಿಲ್ಲಪ್ಪ. ನೋಡಿದ್ರೆ ಚಪ್ಪಾಳೆ ಹೊಡೀತಿದ್ರಾ? ಎಷ್ಟು ವರ್ಷದಿಂದ ಹೀಗೇ ಹೊಡೀತಾ ಇದಾರೋ, ಯಾರಿಗೆ ಗೊತ್ತು.” ಅವರ ದನಿ ಸಣ್ಣದಾಗಿತ್ತು. ಅಳುತ್ತಾರೇನೋ ಎಂದು ಭಾಮೈದನಿಗೆ ಭಯವಾಯಿತು. ಅಳಲಿಲ್ಲ. “ಅಳಿಸಿಬಿಡು,” ಎಂದರು.

“ಸಾರ್, ನನಗೆ ಬಟನ್ ಒತ್ತೋಕೆ ಧೈರ್ಯ ಇಲ್ಲ. ಒಂದ್ಸಲ ಒತ್ತಿದ್ದಕ್ಕೇ ಇಷ್ಟೆಲ್ಲ ಆಯ್ತು.”

“ತೋರಿಸು, ನಾನೇ ಅಳಿಸ್ತೀನಿ. ಐವತ್ತು ವರ್ಷ ಊರವರನ್ನೆಲ್ಲ ಅಳಿಸಿದವನು, ಇದೊಂದನ್ನ ಅಳಿಸೋಕಾಗಲ್ವಾ?”

ಅವರೇ ಒತ್ತಿದರು. ಖಂಡಿತವಾಗಿಯೂ ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. “ಇದಕ್ಕಿರೋ ಮರ್ಯಾದೆ ನಿಮ್ಮ ಭಾವನಿಗೂ ಇಲ್ಲ,” ಎಂದು ಮಹಾನಟರು ಇನ್ನೊಮ್ಮೆ ಒತ್ತಿದರು. ಆಮೇಲೆ ಕಾರ್ಡನ್ನೂ ಇಸಿದುಕೊಂಡು ಪೈಜಾಮದ ಜೇಬಿಗೆ ಹಾಕಿಕೊಂಡರು. ಹೊರಡುವಾಗ ಭಾಮೈದ ಬಾಗಿಲಲ್ಲಿ ನಿಂತು, ಫ್ಯೂಸು ಹಾರಿದ್ದಕ್ಕೆ ಎಲೆಕ್ಟ್ರಿಷಿಯನ್‌ನ ಕೆಲಸ ಹೋದದ್ದನ್ನೂ ಹೇಳಿದ. ಯಾಕೆ ಹೇಳಿದೆನೆಂದು ಅವನಿಗೇ ಗೊತ್ತಾಗಲಿಲ್ಲ. ಮಹಾನಟರು ತಲೆಯಾಡಿಸಿದರು.

ಮಾರನೆಯ ದಿನ ಭಾವನಿಗೆ ಮಹಾನಟರ ಫೋನು ಬಂತು. ದೃಶ್ಯವನ್ನು ಮತ್ತೊಮ್ಮೆ ಮಾಡಿಕೊಡುತ್ತಾರಂತೆ. ಬೆನ್ನು ಮಾತ್ರ ಕಾಣುವಂತೆ ಬೇರೊಬ್ಬ ಮುದುಕನನ್ನು ಕೂರಿಸಿ ತೆಗೆಯುವ ಯೋಚನೆಯಲ್ಲಿದ್ದ ಭಾವ ಕುಣಿದಾಡಿದರು. ಒಂದು ಷರತ್ತೂ ಇತ್ತು: ವೈರಿಂಗಿಗೆ ಆ ಹಳೆಯ ಎಲೆಕ್ಟ್ರಿಷಿಯನ್ನೇ ಬರಬೇಕು. ಅವನು ಬಂದ. ಭಾಮೈದನಿಗೆ ಬೇರೆಯೇ ಒಂದು ಬೋರ್ಡು ಎಳೆದುಕೊಟ್ಟ.

ಈ ಸಲ ಭಾಮೈದ ಹಾಲ್‌ನ ಮೂಲೆಯಲ್ಲಿ ನಿಂತು ನೋಡಿದ. ಮಹಾನಟರು ಗ್ಲಿಸರಿನ್ ಬೇಡವೆಂದರು, ವಿಗ್ಗೂ ಬೇಡವೆಂದರು. ಭಾವ ಆ್ಯಕ್ಷನ್ ಎಂದರು. ಮಹಾನಟರು ಫೋನೆತ್ತಿ ಕಿವಿಗಿಟ್ಟುಕೊಂಡರು. ಕೇಳಿಸಿಕೊಂಡರು. ನಿಜವಾಗಿ ಯಾರೋ ಮಾತಾಡುತ್ತಿದ್ದಾರೆಂಬಂತೆ, ಸರಿಯಾಗಿ ಕೇಳುತ್ತಿಲ್ಲವೆಂಬಂತೆ, ಹುಬ್ಬು ಸ್ವಲ್ಪ ಗಂಟಿಕ್ಕಿತು. “ಹೂಂ,” ಎಂದರು. ಮತ್ತೆ “ಹೂಂ.” ಫೋನು ಇಟ್ಟರು. ಮೇಜಿನ ಮೇಲೆ ಇಲ್ಲದ ಧೂಳನ್ನು ಅಂಗೈಯಿಂದ ಒರೆಸಿದರು. ನೀರು ಕುಡಿದು, ಲೋಟವನ್ನು ಸದ್ದಾಗದಂತೆ, ಒಳಗೆ ಯಾರೋ ಮಲಗಿದ್ದಾರೇನೋ ಎಂಬಷ್ಟು ಮೆಲ್ಲಗೆ ಇಟ್ಟರು.

ಭಾಮೈದ ಇನ್ನೂ ಆ ಲೋಟವನ್ನೇ ನೋಡುತ್ತಿದ್ದ. ಉಳಿದವರು ಭಾವನ ಕಡೆ ನೋಡಿದರು.

“ಸಾರ್,” ಎಂದರು ಭಾವ, “ಶುರು ಮಾಡೋಣವಾ?”

“ಮುಗೀತು,” ಎಂದರು ಮಹಾನಟರು.

ಒಬ್ಬರು ಚಪ್ಪಾಳೆಗೆ ಕೈಯೆತ್ತಿ, ಉಳಿದವರು ಎತ್ತದ್ದನ್ನು ನೋಡಿ ಕೆಳಗಿಳಿಸಿದರು. “ಚೆನ್ನಾಗಿದೆ, ಆದರೆ...” ಎಂದು ನಿರ್ಮಾಪಕರು ನಿಲ್ಲಿಸಿದರು. “ಮೊದಲನೇದರ ಬೆಳಕೇ ಬೇರೆ,” ಎಂದ ಕ್ಯಾಮೆರಾಮನ್. “ವಯಸ್ಸಾಯ್ತಲ್ಲ, ಪಾಪ,” ಎಂದರು ಭಾವ, ಮಹಾನಟರು ಅತ್ತ ಹೋದ ಮೇಲೆ. ಭಾಮೈದ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿ, ನೀಲಿ ಗೆರೆ ಕೊನೆ ಮುಟ್ಟುವವರೆಗೆ ರೆಪ್ಪೆ ಮಿಟುಕಿಸದೆ ಕೂತ.

ಆ ಸಂಜೆ ಅಕ್ಕ ತಾನಾಗಿ ಬಾಯಿ ಬಿಟ್ಟಳು. “ಇವತ್ತಿನದೂ ಪರವಾಗಿಲ್ಲ. ಆದರೆ ಅವತ್ತಿನದನ್ನ ನೆನೆಸ್ಕೊಂಡರೆ ಈಗಲೂ ಕರುಳು ಚುರ್ ಅನ್ನುತ್ತೆ.”

ಭಾಮೈದನಿಗೆ ತಡೆಯಲಾಗಲಿಲ್ಲ. “ಅಕ್ಕಾ, ಅವತ್ತಿನದು ಸಿಕ್ಕಿತ್ತು. ನಾನು ನೋಡಿದೆ. ಚೆನ್ನಾಗಿರಲಿಲ್ಲ. ಫೋನು ಉಲ್ಟಾ ಹಿಡ್ಕೊಂಡಿದ್ರು.”

ಅಕ್ಕ ಸೌಟನ್ನು ಪಾತ್ರೆಯಲ್ಲಿಟ್ಟು ಅವನ ಕಡೆ ತಿರುಗಿದಳು. ಅವಳ ಮುಖ ಮೆತ್ತಗಾಯಿತು.

“ನಾನು ಎದುರಿಗೇ ನಿಂತು ನೋಡಿದೀನಿ ಕಣೋ. ನೀನು ಗೋಡೆ ಆಚೆ ಇದ್ದೆ. ಕಳೆದವನ ಮನಸ್ಸಿಗೆ ಏನೇನೋ ಅನ್ನಿಸುತ್ತೆ, ಬಿಡು. ನನಗೆ ಈಗ ಕೋಪ ಇಲ್ಲ. ಊಟ ಮಾಡು,” ಎಂದು ಅವನ ತಲೆ ಸವರಿ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಚಿತ್ರ ಬಿಡುಗಡೆಯಾಯಿತು. ವಿಮರ್ಶಕರು ಫೋನಿನ ದೃಶ್ಯ ಸಪ್ಪೆಯಾಗಿದೆಯೆಂದೂ, ಕಳೆದುಹೋದ ಶಾಟು ಇದ್ದಿದ್ದರೆ ಚಿತ್ರದ ದಿಕ್ಕೇ ಬದಲಾಗುತ್ತಿತ್ತೆಂದೂ ಬರೆದರು. ಭಾವನೂ ಹಾಗೇ ಹೇಳಿಕೊಂಡು ತಿರುಗಿದರು. ಚಿತ್ರ ಓಡದಿದ್ದುದಕ್ಕೆ ಅದೊಂದು ಒಳ್ಳೆಯ ಕಾರಣವಾಯಿತು.

ಎರಡನೆಯ ವಾರ ಭಾಮೈದ ಒಬ್ಬನೇ ಮಧ್ಯಾಹ್ನದ ಆಟಕ್ಕೆ ಹೋದ. ಅರ್ಧಕ್ಕರ್ಧ ಖಾಲಿ. ಎರಡು ಕುರ್ಚಿ ಆಚೆ ದಪ್ಪನೆಯವನೊಬ್ಬ ಪಾಪ್‌ಕಾರ್ನ್ ಪೊಟ್ಟಣ ಹಿಡಿದು, ಮೊದಲಿನಿಂದ ಕರಕರ ಸದ್ದು ಮಾಡುತ್ತ ಕೂತಿದ್ದ. ಫೋನಿನ ದೃಶ್ಯ ಬಂತು. ಪೊಟ್ಟಣದೊಳಗೆ ಹೋದ ಅವನ ಕೈ ಹೊರಗೆ ಬರಲಿಲ್ಲ. ಭಾಮೈದ ಪರದೆಯನ್ನು ಬಿಟ್ಟು ಆ ಕೈಯನ್ನೇ ನೋಡುತ್ತ ಕೂತ.

ಆಟ ಬಿಟ್ಟ ಮೇಲೆ ಹೊರಗೆ ನಿಂತು ಮಹಾನಟರಿಗೆ ಫೋನ್ ಮಾಡಿ ಆ ಕೈ ನಿಂತ ವಿಷಯ ಹೇಳಿದ.

“ಎಲ್ಲೀವರೆಗೆ ನಿಲ್ಲಿಸಿದ್ದ?” ಎಂದು ಕೇಳಿದರು ಅವರು.

“ನೀವು ಲೋಟ ಇಡೋವರೆಗೂ ಸಾರ್.”

ಆ ಕಡೆ ದೂರದಲ್ಲಿ ಅವರ ಹೆಂಡತಿ ಯಾರದು ಎಂದು ಕೇಳುವುದು ಕೇಳಿಸಿತು.

“ಆಮೇಲೆ ತಿಂದನಾ?”

“ತಿಂದ ಸಾರ್. ಪೂರ್ತಿ ಖಾಲಿ ಮಾಡಿದ.”

“ತಿನ್ನಲಿ ಬಿಡು,” ಎಂದರು ಮಹಾನಟರು. “ಹಸಿವಾಗಿತ್ತೇನೋ.”